ರೆಕ್ಕೆಯ ಮೇಲಿನ ಬರಿಗೈ

ತೈಸ್ತೊನ ಹಾಳೆಗಳು ಅಷ್ಟು ಚೊಕ್ಕಟವಾಗಿದ್ದದ್ದೇ ಹಿಲ್ಕಾಳ ತಲೆ ಕೆಡಿಸಿತು.

ಕೊರ್ವಲಾ ವಿಮಾನ ನಿಲ್ದಾಣದಲ್ಲಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹೊರಡುವ ಪ್ರತಿ ವಿಮಾನಕ್ಕೂ ಒಂದು ಹಳದಿ ಹಾಳೆ. ಬಿಸಿ ದ್ರಾವಣ ಎರಚಿ ರೆಕ್ಕೆಯ ಮೇಲಿನ ಹಿಮ ಕರಗಿಸಿಯಾದ ಮೇಲೆ ಒಬ್ಬರು ಏಣಿ ಹತ್ತಬೇಕು, ಕೈಗವಸು ಬಿಚ್ಚಬೇಕು, ಒಂದೊಂದು ರೆಕ್ಕೆಯನ್ನೂ ಬರಿಗೈಯಲ್ಲಿ ನಾಲ್ಕು ಕಡೆ ಸವರಬೇಕು. ಎಲ್ಲ ಸರಿಯಿದ್ದರೆ ಇಳಿದು ಬಂದು ‘ಶುಚಿ’ ಅಂತ ಬರೆದು ಸಹಿ ಹಾಕಬೇಕು. ದ್ರಾವಣ ಕಿತ್ತಳೆ ಬಣ್ಣದ್ದು, ಅಂಟಂಟು, ಎಷ್ಟು ಒರೆಸಿಕೊಂಡರೂ ಕೈ ಬಿಡುವುದಿಲ್ಲ. ಹಾಗಾಗಿ ಯಾರ ಹಾಳೆ ತೆಗೆದರೂ ಮೂಲೆಯಲ್ಲೊಂದು ಹೆಬ್ಬೆರಳಿನ ಗುರುತು ಇದ್ದೇ ಇರುತ್ತಿತ್ತು. ರೇಯೊನ ಹಾಳೆಗಳಂತೂ ಜಾಮ್ ತಿಂದ ಕೈಯಲ್ಲಿ ಮಗು ಹಿಡಿದು ಕೊಟ್ಟ ಹಾಗಿರುತ್ತಿದ್ದವು. ತೈಸ್ತೊನವು ಮಾತ್ರ ಇಸ್ತ್ರಿ ಮಾಡಿದಷ್ಟು ನೀಟು. ದುಂಡಗಿನ ಅಕ್ಷರ, ನೇರ ಸಾಲು. ಸೋಮವಾರ ಬೆಳಿಗ್ಗೆ ಕಡತಕ್ಕೆ ಸೇರಿಸಲು ಕೂತ ಹಿಲ್ಕಾ ಈ ಚಳಿಗಾಲದಲ್ಲಿ ಅವನು ಕೊಟ್ಟ ಹತ್ತೊಂಬತ್ತು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಒಂದರಲ್ಲೂ ಒಂದು ಚುಕ್ಕೆ ಇರಲಿಲ್ಲ.

ಮುಟ್ಟಿದವನ ಹಾಳೆ ಹೀಗಿರಲು ಸಾಧ್ಯವೇ ಇಲ್ಲ ಅಂತ ಅವಳಿಗೆ ಅನ್ನಿಸಿಬಿಟ್ಟಿತು.

ಮುಟ್ಟದಿದ್ದರೆ ಏನಾಗುತ್ತದೆ ಎಂಬುದು ನಿಲ್ದಾಣದಂಚಿನ ಗುಡಿಸಲಿನಲ್ಲಿ ಕೂತು ಈ ಕೆಲಸ ಮಾಡುತ್ತಿದ್ದ ಮೂವರಿಗೂ ಬಾಯಿಪಾಠವಾಗಿತ್ತು. ಮೇಲೆ ಹಾರಿ ಬಂದ ವಿಮಾನದ ರೆಕ್ಕೆಯೊಳಗಿನ ಇಂಧನ ಕೊರೆಯುವ ತಣ್ಣಗಿರುತ್ತದೆ, ಗಂಟೆಗಟ್ಟಲೆ ಹಾಗೇ ಇರುತ್ತದೆ. ಹೊರಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಸರಿ, ತುಂತುರು ಬಿದ್ದರೆ ಆ ತಣ್ಣನೆಯ ತಗಡಿನ ಮೇಲೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಇವರು ಇಟ್ಟ ಹೆಸರು ಗಾಜು. ಬಣ್ಣವಿಲ್ಲ, ಹೊಳಪಿಲ್ಲ, ಎದುರಿಗೇ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ನೆಲ ಬಿಟ್ಟೊಡನೆ ರೆಕ್ಕೆ ಬಾಗುತ್ತದೆ, ಗಾಜು ಬಿರಿದು ಹಿಂದಕ್ಕೆ ಹಾರುತ್ತದೆ, ಬಾಲದ ಹತ್ತಿರವಿರುವ ಎಂಜಿನ್ನುಗಳೊಳಕ್ಕೆ ಹೋಗುತ್ತದೆ. ಎರಡು ಚಳಿಗಾಲದ ಹಿಂದೆ ಪಕ್ಕದ ದೇಶದಲ್ಲಿ ಹೀಗೇ ಆಗಿ, ವಿಮಾನವೊಂದು ಹಾರಿದ ನಾಲ್ಕೇ ನಿಮಿಷಕ್ಕೆ ಹೊಲಕ್ಕೆ ಬಿದ್ದಿತ್ತು. ಎಲ್ಲರೂ ಬದುಕಿದ್ದು ಪುಣ್ಯ. ಅದಕ್ಕೆ ಮೊದಲು ಕ್ಯಾಪ್ಟನ್ ಕಿಟಕಿಯಿಂದ ಒಮ್ಮೆ ಇಣುಕಿ ತಲೆಯಾಡಿಸಿದರೆ ಆಯಿತು, ಅದೇ ಪರೀಕ್ಷೆ. ಆಮೇಲೆ ಬಂತು ಬರಿಗೈಯ ನಿಯಮ. ಹಿಮ ಕರಗಿಸುವ ಗುಂಪಿನ ಮುಖ್ಯಸ್ಥರು ಬೇಡ ಅಂದರೆ ಕ್ಯಾಪ್ಟನ್ನೂ ಹೊರಡುವ ಹಾಗಿಲ್ಲ ಎಂಬ ಇನ್ನೊಂದು ಸಾಲೂ ಬಂತು. ಇಲ್ಲಿ ಆ ಮುಖ್ಯಸ್ಥೆ ಹಿಲ್ಕಾ ನಿಸ್ಕಲಾ, ವಯಸ್ಸು ನಲವತ್ತೊಂಬತ್ತು.

ತೈಸ್ತೊಗೆ ಅರವತ್ತೊಂದು. ಕಾಡಿನಲ್ಲಿ ಮರ ಕೊಯ್ಯುವ ಕೆಲಸ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಪಿಚಕಾರಿ ಹಿಡಿಯುವುದರಿಂದ ಹಿಡಿದು ಗಾಳಿಗೆ ಯಾವ ಕಡೆ ಬೆನ್ನು ಕೊಡಬೇಕು ಅನ್ನುವವರೆಗೆ ಹಿಲ್ಕಾಳಿಗೆ ಎಲ್ಲ ಕಲಿಸಿದವನು ಅವನೇ. ಹೊಸ ನಿಯಮ ಬಂದ ದಿನ ಅದನ್ನು ಪೂರ್ತಿ ಓದಿ, ಮಡಚಿ ಮೇಜಿನ ಮೇಲಿಟ್ಟು, “ಕಾಗದ ಕರಗಿಸಿದ ಮಂಜುಗಡ್ಡೆ ನಾನಿನ್ನೂ ನೋಡಿಲ್ಲ” ಅಂದಿದ್ದ. ಅವತ್ತು ಎಲ್ಲರೂ ನಕ್ಕಿದ್ದರು, ಹಿಲ್ಕಾಳೂ ನಕ್ಕಿದ್ದಳು. ಈಗ ಅದೇ ಮಾತು ಅವಳನ್ನು ಒಳಗೊಳಗೇ ಕೊರೆಯತೊಡಗಿತು.

ಕೊರೆಯಲು ಇನ್ನೊಂದು ಕಾರಣವೂ ಇತ್ತು. ಅವಳ ಮಗಳು ಮರ್ಕೆತಾ ಇಲ್ಲಿಗೆ ಬಂದು ಹೋಗುವ ವಿಮಾನದ ಗಗನಸಖಿ. ವಾರಕ್ಕೆರಡು ಸಂಜೆ ರಾಜಧಾನಿಯಿಂದ ಬರುವಳು, ತಾಯಿಯ ಮನೆಯಲ್ಲಿ ಉಳಿಯುವಳು, ಮರುದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅದೇ ವಿಮಾನದಲ್ಲಿ ವಾಪಸು. ಅವಳ ಮಡಚುವ ಕುರ್ಚಿ ಇದ್ದದ್ದು ಹಿಂದುಗಡೆ, ಎರಡು ಎಂಜಿನ್ನುಗಳ ನಡುವೆ.

ಹಿಲ್ಕಾ ಮೊದಲು ರೇಯೊನನ್ನು ಕೆದಕಿದಳು. ಅವನು ದ್ರಾವಣದ ಲಾರಿ ಓಡಿಸುವವನು, ಮಧ್ಯಾಹ್ನದ ವಿಮಾನಕ್ಕೆ, ತೈಸ್ತೊಗೆ ರಜೆಯಿದ್ದ ದಿನ ಬೆಳಗಿನದಕ್ಕೂ, ಏಣಿ ಹತ್ತುವವನೂ ಅವನೇ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ.

“ತೈಸ್ತೊ ಏಣಿ ಹತ್ತೋದನ್ನ ನೋಡಿದೀಯಾ?”

“ಹತ್ತದೆ ಇನ್ನೇನು ಹಾರ್ತಾನಾ?”

“ರೆಕ್ಕೆ ಮುಟ್ಟೋದನ್ನ ನೋಡಿದೀಯಾ ಅಂತ ಕೇಳ್ದೆ.”

“ಅವನ ಬೆನ್ನು ನನ್ ಕಡೆ ಇರತ್ತೆ ತಾಯಿ. ಬೆನ್ನಲ್ಲಿ ಏನು ಕಾಣತ್ತೆ? ಯಾಕೆ, ಏನ್ ಸಮಾಚಾರ?”

“ಏನಿಲ್ಲ.”

“ಏನಿಲ್ಲ ಅಂದ್ರೆ ಏನೋ ಇದೆ ಅಂತ್ಲೇ ಅರ್ಥ. ನನ್ ಹೆಂಡ್ತೀನೂ ಹಿಂಗೇ ಶುರು ಮಾಡೋದು.”

ಹಿಲ್ಕಾ ಹಾಳೆಗಳನ್ನು ಕಡತಕ್ಕೆ ಸೇರಿಸಿ ಎದ್ದಳು. ಮಂಗಳವಾರ ಅವಳು ದೂರದಿಂದ ಕಣ್ಣಿಟ್ಟು ನೋಡಿದಳು. ತೈಸ್ತೊ ಏಣಿಯಿಂದ ಇಳಿದ, ಹೆಬ್ಬೆರಳೆತ್ತಿದ, ಎದೆಯ ಜೇಬಿನಿಂದ ಹಾಳೆ ತೆಗೆದು ಕ್ಯಾಪ್ಟನ್ನನಿಗೆ ಎತ್ತಿ ತೋರಿಸಿದ. ನಡುವೆ ಪೆನ್ನು ತೆಗೆದದ್ದು, ಬರೆದದ್ದು ಯಾವುದೂ ಅವಳಿಗೆ ಕಾಣಲಿಲ್ಲ. ಬರೆಯಲೇ ಇಲ್ಲವೆಂದರೆ ಸಹಿ ಎಲ್ಲಿಂದ ಬಂತು? ಬುಧವಾರ ಅವನು ಊಟಕ್ಕೆ ಹೋದಾಗ ಗೂಟಕ್ಕೆ ನೇತುಹಾಕಿದ್ದ ಅವನ ಮೇಲಂಗಿಯ ಜೇಬಿಗೆ ಕೈ ಹಾಕಿದಳು. ಇನ್ನೊಬ್ಬರ ಜೇಬಿಗೆ ಕೈ ಹಾಕಿದ್ದು ಅವಳ ಜನ್ಮದಲ್ಲೇ ಅದು ಮೊದಲು. ಮುಖ ಬಿಸಿಯಾಗಿತ್ತು. ಜೇಬಿನಲ್ಲಿ ಎರಡು ಹಳದಿ ಹಾಳೆಗಳಿದ್ದವು. ಒಂದರ ಮೇಲೆ ಗುರುವಾರದ ತಾರೀಖು, ಇನ್ನೊಂದರ ಮೇಲೆ ಶುಕ್ರವಾರದ್ದು. ಎರಡರಲ್ಲೂ ‘ಶುಚಿ’ ಎಂದು ಆಗಲೇ ಬರೆದಿತ್ತು, ಸಹಿಯೂ ಬಿದ್ದಿತ್ತು.

ಅವಳು ತಾರೀಖುಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸಿಟ್ಟು ಬಂತು, ಎಂಥಾ ಸಿಟ್ಟು ಅಂದರೆ ಆ ಮೇಲಂಗಿಯನ್ನೇ ಒಲೆಗೆ ತುರುಕೋಣ ಅನ್ನಿಸುವಷ್ಟು. ನಿವೃತ್ತಿಗೆ ಎರಡು ವರ್ಷ ಇದೆ, ಮೈ ಬಗ್ಗಿಸುವ ಮನಸ್ಸಿಲ್ಲ, ನೂರಾ ಹತ್ತು ಜನರ ಜೀವವನ್ನು ಜೇಬಲ್ಲಿಟ್ಟುಕೊಂಡು ಓಡಾಡುತ್ತಾನೆ ಮುದುಕ. ಅವಳು ಹಾಳೆಗಳನ್ನು ಇದ್ದ ಹಾಗೇ ಮಡಚಿ ಒಳಗಿಟ್ಟಳು. ಆಗಲೇ ನಿಲ್ದಾಣದ ವ್ಯವಸ್ಥಾಪಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮೊದಲೇ ಬರೆದಿಟ್ಟದ್ದು ತಪ್ಪೇ, ಆದರೆ ಮುಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ ಎಂದು ಅವಳ ಲೆಕ್ಕ. ಕಣ್ಣಾರೆ ಕಂಡು ಹಿಡಿಯಬೇಕು, ಉಸಿರೆತ್ತದ ಹಾಗೆ ಹಿಡಿಯಬೇಕು.

ಅಲ್ಲಿಯವರೆಗೆ ಅವನ ಸಹಿ ನಂಬಿ ವಿಮಾನ ಬಿಡಲು ಮನಸ್ಸಾಗದೆ, ಗುರುವಾರದ ವಿಮಾನಕ್ಕೆ ತಾನೇ ಏಣಿ ಹತ್ತುತ್ತೇನೆಂದು ಹತ್ತಿದಳು. “ಏನ್ ಹುಡುಗಿ, ನನ್ ಕೆಲ್ಸಾನೂ ಕಿತ್ಕೋತಿದೀಯಾ?” ಅಂದ ತೈಸ್ತೊ. ನಲವತ್ತೊಂಬತ್ತಾದರೂ ಅವನಿಗೆ ಅವಳು ಹುಡುಗಿಯೇ.

“ಅಭ್ಯಾಸ ತಪ್ಪಬಾರ್ದಲ್ಲ.”

“ತಪ್ಪಲ್ಲ ಬಿಡು, ಕಲಿಸಿದ್ದು ನಾನು.”

ಆ ನಗುಮುಖ ನೋಡಿ ಅವಳಿಗೆ ಮೈ ಉರಿಯಿತು.

ಅಂದು ಸಂಜೆ ಮರ್ಕೆತಾ ಬಂದಳು. ತಾಯಿ ಮಗಳು ಸಾಲ್ಮನ್ ಸಾರು, ರೈ ರೊಟ್ಟಿ ಇಟ್ಟುಕೊಂಡು ಕೂತರು.

“ಉಪ್ಪು ಎರಡು ಸಲ ಹಾಕಿದೀಯಮ್ಮ. ಎಲ್ಲಿದೆ ನಿನ್ನ ಗ್ಯಾನ?”

“ನೀರು ಕುಡಿ.”

“ಯಾರ ಜೊತೆ ಜಗಳ?”

“ಯಾರ ಜೊತೇನೂ ಇಲ್ಲ. ನಾಳೆ ನೀನು ಮುಂದಿನ ಕುರ್ಚೀಲಿ ಕೂರಕ್ಕಾಗತ್ತಾ?”

“ಮುಂದೆ ಕೂರೋದು ಸೀನಿಯರ್. ಯಾಕೆ?” ಮರ್ಕೆತಾ ಚಮಚ ಕೆಳಗಿಟ್ಟು ತಾಯಿಯ ಮುಖ ನೋಡಿದಳು. “ತೈಸ್ತೊ ಮಾಮ ಹೆಬ್ಬೆರಳು ಎತ್ತಿದ್ರೆ ನಂಗೆ ಇನ್ಯಾವ ಭಯಾನೂ ಇಲ್ಲ. ನಮ್ಮೋರೆಲ್ಲ ಹೇಳ್ತಾರೆ, ಕೊರ್ವಲಾದಲ್ಲಿ ಒಬ್ಬ ಮುದುಕ ಇದಾನೆ, ರೆಕ್ಕೇನ ಹಸು ಮೈ ಸವರ್ದಂಗೆ ಸವರ್ತಾನೆ ಅಂತ.”

ಸವರುವುದನ್ನು ಅವರು ಕಂಡರೋ, ಸವರುವ ನಾಟಕ ಕಂಡರೋ ಅಂದುಕೊಂಡ ಹಿಲ್ಕಾ ತಟ್ಟೆ ಎತ್ತಿಕೊಂಡು ಎದ್ದಳು.

ಶುಕ್ರವಾರ ಬೆಳಿಗ್ಗೆ ಒಂದು ಡಿಗ್ರಿ, ಸಣ್ಣ ತುಂತುರು. ಗಾಜು ಕಟ್ಟಲು ಹೇಳಿ ಮಾಡಿಸಿದ ಹವೆ. ಬಲ ರೆಕ್ಕೆಯನ್ನು ತೊಳೆದು ಸವರಿಯಾದ ಮೇಲೆ ರೇಯೊ ಲಾರಿಯನ್ನು ಎಡ ರೆಕ್ಕೆಯ ಪಕ್ಕಕ್ಕೆ ತಂದ. ಹಿಲ್ಕಾ ಲಾರಿಯ ಎತ್ತುವ ತೋಳಿನ ತುದಿಯ ತೊಟ್ಟಿಲಲ್ಲಿ ನಿಂತು ಬಿಸಿ ದ್ರಾವಣ ಎರಚಿದಳು. ಹಬೆ ಎದ್ದಿತು, ಕೆಸರು ಹಿಮ ಜಾರಿ ನೆಲಕ್ಕೆ ಬಿತ್ತು, ರೆಕ್ಕೆ ಒದ್ದೆಯಾಗಿ ಮಿನುಗಿತು. ನೋಡಿದವರು ಯಾರಾದರೂ ಶುಚಿ ಅನ್ನಬೇಕು, ಹಾಗಿತ್ತು. ಅವಳು ಕೈಗವಸು ಬಿಚ್ಚಿ, ತೊಟ್ಟಿಲಿನಿಂದ ಬಾಗಿ, ರೆಕ್ಕೆಯ ಬುಡವನ್ನು ಮುಟ್ಟಿದಳು. ತೋರು ಬೆರಳಿಗೆ ಒಂದು ಅಂಚು ಸಿಕ್ಕಿತು. ಅಂಚಿನಾಚೆ ನುಣುಪು, ಬೆರಳಿನಷ್ಟು ದಪ್ಪ, ಒಂದು ಬಾಗಿಲಿನಷ್ಟು ಅಗಲ. ಗಾಜು ಕರಗಿರಲಿಲ್ಲ.

ನಿಯಮದ ಪ್ರಕಾರ ಅವಳು ಆಗಲೇ ಪಿಚಕಾರಿ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಕೈಗವಸು ಹಾಕಿಕೊಂಡು, ಏನೂ ಆಗದವಳ ಹಾಗೆ, “ತೈಸ್ತೊ, ನಿಂದೇ ಸರದಿ” ಎಂದು ಕೂಗಿದಳು. ಮಗಳು ಒಳಗೆ ಪ್ರಯಾಣಿಕರ ಕೋಟು ತೆಗೆದಿಡುತ್ತಿದ್ದಳು, ತಾಯಿ ಹೊರಗೆ ಗಾಜಿನ ಸುದ್ದಿಯನ್ನು ಬಾಯೊಳಗಿಟ್ಟುಕೊಂಡು ನಿಂತಿದ್ದಳು. ವಿಮಾನವನ್ನು ಬಿಡುವುದಿಲ್ಲ ಎಂಬ ಧೈರ್ಯವೇನೋ ಅವಳಿಗಿತ್ತು. ಆದರೂ ಅದು ಮಾಡಬಾರದ ಕೆಲಸ, ಮಾಡುವಾಗಲೇ ಅವಳಿಗೆ ಗೊತ್ತಿತ್ತು.

ತೈಸ್ತೊ ಏಣಿ ಹತ್ತಿದ. ಹಿಲ್ಕಾ ತೊಟ್ಟಿಲಿನಿಂದ ಕಣ್ಣು ಮಿಟುಕಿಸದೆ ನೋಡಿದಳು. ಅವನು ಕೈಗವಸನ್ನು ಹಲ್ಲಿನಿಂದ ಎಳೆದು ಬಿಚ್ಚಿದ. ಮುಂದಿನ ಅಂಚು ಸವರಿದ. ನಡುವೆ ಸವರಿದ. ಹಿಂದಿನ ಅಂಚು ಸವರಿದ. ಆಮೇಲೆ ಬುಡಕ್ಕೆ ಬಂದು, ಆ ಗಾಜಿನ ಮೇಲೆಯೇ ಪೂರ್ತಿ ಅಂಗೈ ಊರಿ, ನಿಧಾನವಾಗಿ ಎಳೆದ. ಉಗುರಿನಿಂದ ಕೆರೆದೂ ನೋಡಿದ. ತಲೆಯಾಡಿಸಿದ. ಕೆಳಗಿಳಿದು ಹೆಬ್ಬೆರಳೆತ್ತಿದ, ಕೈಗವಸು ಬಿಚ್ಚದ ಇನ್ನೊಂದು ಕೈಯಿಂದ ಜೇಬಿನ ಹಾಳೆ ತೆಗೆದ.

 ಹಿಲ್ಕಾ ಅವನನ್ನು ಸೋಮಾರಿಯೆಂದು ತಿಳಿದಿದ್ದಳು. ಮುಟ್ಟಿ, ಗಾಜನ್ನು ಕೈಯಡಿ ಇಟ್ಟುಕೊಂಡೇ ಶುಚಿ ಎನ್ನುವವನು ಎಂಥವನು? ಅವನಿಗೆ ಯಾರ ಮೇಲೆ ಹಗೆ? ನನ್ನ ಮೇಲೆಯೇ ಇರಬಹುದೇ, ತನ್ನನ್ನು ಬಿಟ್ಟು ನನ್ನನ್ನು ಮುಖ್ಯಸ್ಥೆ ಮಾಡಿದರೆಂದು? ಅವಳು ತೊಟ್ಟಿಲು ಇಳಿಸಿಕೊಂಡು, ವಿಮಾನದ ಮೂತಿಯ ಮುಂದೆ ಹೋಗಿ ನಿಂತು, ತಲೆಯ ಮೇಲೆ ಎರಡೂ ತೋಳು ಅಡ್ಡ ಹಿಡಿದಳು.

ಕ್ಯಾಪ್ಟನ್ ಔತಿಯೊ ಪಕ್ಕದ ಕಿಟಕಿ ಸರಿಸಿದ. “ಏನಮ್ಮಾ ಇದು? ತೈಸ್ತೊ ಸರಿ ಇದೆ ಅಂದ್ನಲ್ಲ.”

“ನಾನು ಇಲ್ಲ ಅಂತಿದೀನಿ. ಎಡ ರೆಕ್ಕೆ ಬುಡದಲ್ಲಿ ಗಾಜಿದೆ.”

“ನಂಗೆ ಹೊರಡೋ ಸಮಯ ಆಯ್ತು. ನನ್ ಕಣ್ಣಿಗೆ ಚೆನ್ನಾಗೇ ಕಾಣ್ತಿದೆ.”

“ಚೆನ್ನಾಗೇ ಕಾಣತ್ತೆ ಸ್ವಾಮಿ, ಅದೇ ಅದರ ಕೆಲ್ಸ. ಬೇಕಾದ್ರೆ ಇಳಿದು ಬಂದು ಕೈಯಿಟ್ಟು ನೋಡಿ.”

ಅವನು ಕಿಟಕಿ ಮುಚ್ಚಿಕೊಂಡ. ಮತ್ತೆ ದ್ರಾವಣ ಹೊಡೆದರು. ಗಾಜು ಚಪ್ಪಡಿಗಳಾಗಿ ಕಳಚಿ ಬಿತ್ತು, ಒಂದೊಂದು ಚಪ್ಪಡಿಯೂ ನೆಲಕ್ಕೆ ಬಿದ್ದು ಸಿಡಿಯಿತು. ಹಿಲ್ಕಾ ಎರಡೂ ರೆಕ್ಕೆಯನ್ನು ತಾನೇ ಎರಡೆರಡು ಸಲ ಸವರಿದಳು. ಇಪ್ಪತ್ತೈದು ನಿಮಿಷ ತಡವಾಗಿ ವಿಮಾನ ಎದ್ದು ಮೋಡ ಸೇರಿತು. ತೈಸ್ತೊ ಆ ಸಿಡಿದ ಚೂರುಗಳ ನಡುವೆ ನಿಂತುಕೊಂಡೇ ಇದ್ದ.

ಗುಡಿಸಲಿಗೆ ಬಂದ ಮೇಲೆ ಅವಳು ಬಾಗಿಲು ಹಾಕಿದಳು. ರೇಯೊ ಮೂಲೆಯ ಬೆಂಚಿನ ಮೇಲೆ ಕೂತ. ತೈಸ್ತೊ ಒಲೆಯ ಹತ್ತಿರ ನಿಂತ.

“ಅಲ್ಲಿ ಕೈಯಿಟ್ಟಿದ್ದೆ ನೀನು. ನಾನು ನೋಡ್ದೆ,” ಅಂದಳು ಹಿಲ್ಕಾ.

“ಇಟ್ಟಿದ್ದೆ.”

“ಮತ್ತೆ ಸುಳ್ಳು ಯಾಕೆ ಹೇಳ್ದೆ?”

“ಸುಳ್ಳಲ್ಲ. ನನಗೆ ಏನೂ ಸಿಗ್ಲಿಲ್ಲ.”

“ಬೆರಳು ದಪ್ಪ ಗಾಜು ಸಿಗ್ಲಿಲ್ವಾ? ಯಾರಿಗೆ ಹೇಳ್ತೀಯ ಈ ಕತೆ? ಜೇಬಲ್ಲಿ ಮೊದಲೇ ಬರೆದಿಟ್ಕೊಂಡು ಬಂದಿದ್ದ ಹಾಳೆ ಅದು, ನಾನು ಬುಧವಾರಾನೇ ನೋಡಿದೀನಿ. ನನ್ ಮಗಳು ಅದರೊಳಗಿದ್ಲು ತೈಸ್ತೊ. ನೀನು ಎತ್ತಿ ಆಡಿಸಿದ ಮಗಳು.”

ತೈಸ್ತೊ ಒಲೆಯ ಕಡೆ ತಿರುಗಿದ. ಕೈಗೊಂದು ಕೆಲಸ ಬೇಕಾಗಿತ್ತೇನೋ, ಒಲೆಯ ಮೇಲೆ ಕುದಿಯುತ್ತಿದ್ದ ಕಾಫಿಯ ಕಬ್ಬಿಣದ ಪಾತ್ರೆಯನ್ನು ಎತ್ತಿ ಮೂರು ಲೋಟಕ್ಕೆ ಬಗ್ಗಿಸತೊಡಗಿದ. ಹಿಡಿಗೆ ಸುತ್ತುವ ಚಿಂದಿ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಮೊದಲ ಲೋಟ ತುಂಬಿತು, ಎರಡನೆಯದೂ ತುಂಬಿತು. ಹಿಲ್ಕಾ ಅವನ ಕೈ ನೋಡಿದಳು. ಹಿಡಿ ತಗುಲಿದ ಕಡೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಅವನು ಮೂರನೆಯ ಲೋಟಕ್ಕೆ ನಿಧಾನವಾಗಿ ಬಗ್ಗಿಸುತ್ತಿದ್ದ.

ಅವಳು ಚಿಂದಿ ಕಿತ್ತುಕೊಂಡು ಪಾತ್ರೆಯನ್ನು ಅವನ ಕೈಯಿಂದ ಬಿಡಿಸಿ ಕೆಳಗಿಟ್ಟಳು. ಸಿಟ್ಟೆಲ್ಲ ಅವಳ ಕಾಲಡಿ ಇಳಿದು ಹೋಯಿತು.

“ಎಷ್ಟು ದಿನದಿಂದ?”

ತೈಸ್ತೊ ತನ್ನ ಅಂಗೈಯನ್ನೇ ನೋಡುತ್ತಿದ್ದ. “ಬೆರಳು ಹೋಗಿ ನಾಲ್ಕು ವರ್ಷ. ಗರಗಸ ಹಿಡಿದ ಕೈ, ಆಮೇಲೆ ಈ ಚಳಿ, ಈ ನೀರು. ಅಂಗೈ ಇದೆ ಅನ್ಕೊಂಡಿದ್ದೆ ಹುಡುಗಿ. ಅಂಗೈ ಸಾಕು, ಸಂಭಾಳಿಸ್ತೀನಿ ಅನ್ಕೊಂಡಿದ್ದೆ.”

“ಹಾಳೆಗಳು?”

“ರೆಕ್ಕೆ ಮುಟ್ಟಿದ ಮೇಲೆ ಅರ್ಧ ಗಂಟೆ ಪೆನ್ನು ನಿಲ್ಲಲ್ಲ ಕೈಯಲ್ಲಿ. ಕ್ಯಾಪ್ಟನ್ ಕಾಯ್ತಾನಾ? ಅದಕ್ಕೆ ಮನೇಲೇ ಬರ್ಕೊಂಡ್ ಬರ್ತಿದ್ದೆ. ರೆಕ್ಕೆ ಶುಚಿ ಇಲ್ಲ ಅಂದ್ರೆ ಹರಿದು ಹಾಕೋಣ ಅಂತ.”

“ಎಷ್ಟು ಹರಿದು ಹಾಕ್ದೆ?”

ಅವನು ಎಣಿಸಲು ಕೈ ಎತ್ತಿದ, ಹಾಗೇ ಇಳಿಸಿದ. ಮುಖದ ಬಣ್ಣ ಇಳಿಯುತ್ತಾ ಬಂತು.

“ಈ ಚಳಿಗಾಲದಲ್ಲಿ ಒಂದೂ ಇಲ್ಲ,” ಅಂದ.

ರೇಯೊ ಬೆಂಚಿನ ಮೇಲೆ ಅಲುಗಾಡಿದ. ಹತ್ತೊಂಬತ್ತು ಹಾಳೆ, ಒಂದೂ ಹರಿದಿಲ್ಲ. ಆ ದಿನಗಳಲ್ಲಿ ಯಾವುದರ ಮೇಲೆ ಗಾಜಿತ್ತೋ, ಎಷ್ಟು ವಿಮಾನ ಬರೀ ಅದೃಷ್ಟದಿಂದ ಎದ್ದು ಹೋಯಿತೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಇಂಥದಾದಾಗ ಮೇಲಿನವರಿಗೆ ವರದಿ ಬರೆಯಲೇಬೇಕು. ಅವಳು ಕಪಾಟಿನಿಂದ ತೈಸ್ತೊನ ಕಡತ ತೆಗೆದಳು. ಮೇಲೆಯೇ ಇತ್ತು, ಸೆಪ್ಟೆಂಬರಿನ ನಮೂನೆ. ಏಣಿ ಹತ್ತುವವರ ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳಿಗೆ ಕಡ್ಡಿ ತಾಗಿಸಿ, ಸ್ಪರ್ಶ ಇದೆಯೇ ಎಂದು ಪ್ರತಿ ವರ್ಷ ಗುಂಪಿನ ಮುಖ್ಯಸ್ಥರು ನೋಡತಕ್ಕದ್ದು. ಅದರ ಕೆಳಗೆ, ‘ಹತ್ತೂ ಬೆರಳು ಸರಿಯಾಗಿವೆ.’ ಅದರ ಕೆಳಗೆ, ಹಿಲ್ಕಾ ನಿಸ್ಕಲಾ.

ಅವಳ ಅಕ್ಷರ. ಆ ದಿನ ನೆನಪಾಯಿತು. ತೈಸ್ತೊನ ಹೆಂಡತಿ ಬ್ಲೂಬೆರಿ ಕಡುಬು ಕಳಿಸಿದ್ದಳು. ಕಾಫಿ ಕುಡಿಯುತ್ತಾ, ರೇಯೊನದು, ತೈಸ್ತೊನದು, ಎರಡಕ್ಕೂ ಒಟ್ಟಿಗೆ ಸಹಿ ಎಳೆದಿದ್ದಳು. ತೈಸ್ತೊನ ಕೈಯನ್ನು ನಾನು ಪರೀಕ್ಷೆ ಮಾಡುವುದೇ, ನನಗೆ ಕೆಲಸ ಕಲಿಸಿದ ಕೈಯನ್ನು? ನೋಡಿದರೆ ಅವನಿಗೆ ಅವಮಾನವಾದೀತು ಎಂದುಕೊಂಡಿದ್ದಳು. ನಾಲ್ಕು ದಿನದಿಂದ ಅವನು ಮುಟ್ಟದೆ ಸಹಿ ಹಾಕುತ್ತಾನೆಂದು ಹಲ್ಲು ಕಡಿದವಳು ಅವಳೇ.

“ಅವತ್ತು ನೀನು ಕಡ್ಡಿ ತಗೊಂಡ್ ಬರ್ತೀಯ ಅಂತ ಕಾದಿದ್ದೆ,” ಅಂದ ತೈಸ್ತೊ. “ಬಂದಿದ್ರೆ ಹೇಳ್ಬಿಡ್ತಿದ್ದೆ. ನೀನು ಬರ್ಲಿಲ್ಲ. ನಂಗೂ ಹಗುರಾಯ್ತು, ಸುಮ್ನಾದೆ.”

“ನಾನು ಬರ್ಬೇಕಿತ್ತು,” ಅಂದಳು ಹಿಲ್ಕಾ.

ಅವಳು ವರದಿ ಬರೆದಳು. ತೈಸ್ತೊನ ಹೆಸರಿಗಿಂತ ಮೊದಲು ತನ್ನ ಹೆಸರು ಬರೆದಳು. ಕೈಯ ಪರೀಕ್ಷೆಯನ್ನು ಜೊತೆಯಲ್ಲಿ ಕೂತು ಉಣ್ಣುವವರಿಗೆ ಒಪ್ಪಿಸಬೇಡಿ, ಹೊರಗಿನ ವೈದ್ಯರು ಬಂದು ಮಾಡಲಿ ಎಂದು ಬರೆದಳು. ಒಬ್ಬರು ಸವರಿದ ರೆಕ್ಕೆಯನ್ನು ಇನ್ನೊಬ್ಬರೂ ಸವರಲಿ, ಸಹಿ ಏಣಿಯ ಬುಡದಲ್ಲೇ ಬೀಳಲಿ, ಪೆನ್ನು ಹಿಡಿಯಲಾಗದವರಿಗೆ ಠಸ್ಸೆ ಕೊಡಿ, ರೆಕ್ಕೆಯ ಬುಡಕ್ಕೆ ದಾರದ ಕುಚ್ಚು ಅಂಟಿಸಿ, ಗಾಜು ಕಟ್ಟಿದರೆ ಕುಚ್ಚು ಅಲ್ಲಾಡುವುದಿಲ್ಲ, ಆಗ ಕಣ್ಣಿಗೂ ಗೊತ್ತಾಗುತ್ತದೆ ಎಂದು ಬರೆದಳು. ಬರೆಯುತ್ತಾ ಹೋದಂತೆ ಇನ್ನೊಂದು ಯೋಚನೆ ಬಂತು. ಮುಖ್ಯಸ್ಥರ ಕೈಯನ್ನು ಯಾರು ನೋಡಬೇಕು? ನಮೂನೆಯನ್ನು ತಿರುವಿ ಮುರುವಿ ನೋಡಿದಳು. ಅದಕ್ಕೆ ಜಾಗವೇ ಇರಲಿಲ್ಲ. ಬರೆದವರಿಗೆ ಅದು ಹೊಳೆದೇ ಇರಲಿಲ್ಲ.

ಪೊರಕೆಯಿಂದ ಒಂದು ಕಡ್ಡಿ ಮುರಿದು ತೈಸ್ತೊನಿಗೆ ಕೊಟ್ಟಳು. “ತಗೋ. ನಂದು ನೋಡು.”

“ನಿಂದು ಸರಿಯಾಗೇ ಇದೆ. ಬೆಳಿಗ್ಗೆ ಗಾಜು ಹಿಡಿದಿದ್ದು ನೀನೇ ಅಲ್ವಾ?”

“ಮತ್ತೆ ಅದೇ ಮಾತು. ನೋಡು ಅಂದೆ.”

ಅವಳು ಬಲಗೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಕಡ್ಡಿ ತಾಗಿತು. “ಹೆಬ್ಬೆರಳು,” ಅಂದಳು. ಮತ್ತೆ ತಾಗಿತು. “ತೋರು ಬೆರಳು.” ಸ್ವಲ್ಪ ತಡೆದು, “ನಡು ಬೆರಳು.” ಆಮೇಲೆ ತೈಸ್ತೊ ನಿಲ್ಲಿಸಿಬಿಟ್ಟ. ಒಲೆಯ ಸದ್ದು ಕೇಳುತ್ತಿತ್ತು. ಅವಳು ಕಾದಳು. ಆಟವಾಡಿಸುತ್ತಿದ್ದಾನೆ, ಬೆಳಗಿನ ಮಾತಿಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಳು.

“ಮುಂದಿನ ಬೆರಳು ಮುಟ್ಟು ಮಾರಾಯ, ಎಷ್ಟೊತ್ತು ಕಾಯ್ಲಿ?”

ಅವಳು ಕಣ್ಣು ಬಿಟ್ಟಳು. ಕಡ್ಡಿಯ ತುದಿ ಅವಳ ಉಂಗುರ ಬೆರಳಿನ ಮೇಲಿತ್ತು. ತೈಸ್ತೊ ಅದನ್ನು ಬಗ್ಗುವಷ್ಟು ಒತ್ತಿ ಹಿಡಿದಿದ್ದ. ಅವನ ಕಣ್ಣಲ್ಲಿ ನೀರಿತ್ತು.

“ಕಿರುಬೆರಳೂ ಆಗ್ಲೇ ನೋಡ್ದೆ,” ಅಂದ ಮೆಲ್ಲಗೆ.

ಹಿಲ್ಕಾ ತನ್ನ ಕೈಯನ್ನು ಇನ್ಯಾರದೋ ಕೈ ನೋಡುವ ಹಾಗೆ ನೋಡಿದಳು. ಒಂದು ಗಂಟೆಯ ಹಿಂದೆ ಈ ಕೈಯನ್ನು ನಂಬಿ ಮಗಳನ್ನು ಆಕಾಶಕ್ಕೆ ಕಳಿಸಿದ್ದಳು. ಅವಳು ಅಳಲಿಲ್ಲ, ಅಳಲು ಹೊತ್ತಿರಲಿಲ್ಲ. ಎರಡೂವರೆಗೆ ಮಧ್ಯಾಹ್ನದ ವಿಮಾನ ಇತ್ತು, ಹೊರಗೆ ತುಂತುರು ನಿಂತಿರಲಿಲ್ಲ. ಕಡ್ಡಿ ತೆಗೆದುಕೊಂಡು ಮೂಲೆಯ ಬೆಂಚಿನ ಕಡೆ ತಿರುಗಿದಳು.

“ರೇಯೊ, ಇನ್ನು ನೀನೊಬ್ನೇ ಉಳಿದಿರೋದು. ಬಾ, ಕೂತ್ಕೋ. ಕಣ್ಣು ಮುಚ್ಚು.”

ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ರೇಯೊ ಏನೂ ಹೇಳದೆ ಎರಡೂ ಕೈಯನ್ನು ಜೇಬಿಗೆ ಇಳಿಸಿಕೊಂಡ.